ಬೀದರಿನ ಮೂರನೆಯ ಬಣ್ಣ

ವಿನ್ಯಾಸಕಲೆಯ ತರಗತಿಗಳಲ್ಲಿ, ಉಡುಪಿನ ಉದ್ಯಮದಲ್ಲಿ, ವ್ಯಾಪಾರ ಸಂಸ್ಥೆಗಳ ಲಾಂಛನಗಳನ್ನು ರೂಪಿಸುವವರ ನಡುವೆ ಇಂದು ಒಂದು ಸೂತ್ರ ಬಳಕೆಯಲ್ಲಿದೆ. ಯಾವುದೇ ರಚನೆಗೆ ಮೂರು ಬಣ್ಣಗಳು ಸಾಕು. ಅವುಗಳಲ್ಲಿ ಒಂದು ನೂರಕ್ಕೆ 60ರಷ್ಟು ಪಾಲನ್ನು, ಇನ್ನೊಂದು 30ರಷ್ಟನ್ನು, ಮೂರನೆಯದು ಕೇವಲ 10ರಷ್ಟನ್ನು ಆವರಿಸಬೇಕು ಎಂಬುದು ಆ ಸೂತ್ರ. ಮೊದಲನೆಯದು ನೆಲ, ಎರಡನೆಯದು ಆ ನೆಲದ ಮೇಲೆ ಮೂಡುವ ರೂಪ, ಮೂರನೆಯದು ಆ ರೂಪಕ್ಕೆ ಜೀವ ತುಂಬುವ ಮಿನುಗು. ಸೂತ್ರದ ಅಂಕಿಗಳು ಹೊಸವು. ಅದರ ಹಿಂದಿರುವ ವಿವೇಕ ಹೊಸದಲ್ಲ. ಬೀದರ ನಗರದ ಕುಶಲಕರ್ಮಿಗಳಿಗೂ ಭಾಲ್ಕಿ ಮತ್ತು ಔರಾದ್ ಸೀಮೆಯ ಒಕ್ಕಲಿಗರಿಗೂ ಅದು ಶತಮಾನಗಳಿಂದ ಪರಿಚಿತ. ಆದರೆ ಬೀದರಿನ ಇತಿಹಾಸವನ್ನು ಬಣ್ಣಗಳ ಮೂಲಕ ಓದಹೊರಟವರಿಗೆ ಒಂದು ವಿಚಿತ್ರ ಸಂಗತಿ ಎದುರಾಗುತ್ತದೆ. ಇಲ್ಲಿ ಮೊದಲೆರಡು ಬಣ್ಣಗಳು ಉಳಿದಿವೆ, ಮೂರನೆಯದು ಎಲ್ಲೆಡೆ ಮರೆಯಾಗುತ್ತ ಬಂದಿದೆ. ಬೀದರೆಂದರೆ ಕಪ್ಪು ಮತ್ತು ಬೆಳ್ಳಿ ಎಂದು ನಾವಿಂದು ತಿಳಿದಿರುವುದು ಈ ಮರೆವಿನ ಫಲ. ಆ ಮೂರನೆಯ ಬಣ್ಣವನ್ನು ಹುಡುಕುವುದು ಈ ಲೇಖನದ ಉದ್ದೇಶ.

ಹುಡುಕಾಟವನ್ನು ಭಾಷೆಯಿಂದ ಆರಂಭಿಸುವುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಸಹಜವಾದ ದಾರಿ. 1969ರಲ್ಲಿ ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ ಎಂಬ ಅಮೆರಿಕದ ವಿದ್ವಾಂಸರು 98 ಭಾಷೆಗಳ ವರ್ಣವಾಚಕಗಳನ್ನು ಪರಿಶೀಲಿಸಿ ಒಂದು ತೀರ್ಮಾನಕ್ಕೆ ಬಂದರು. ಯಾವುದೇ ಭಾಷೆಯಲ್ಲಿ ಬಣ್ಣವನ್ನು ಸೂಚಿಸುವ ಮೂಲಪದಗಳು ಎರಡೇ ಇದ್ದರೆ ಅವು ಕಪ್ಪು ಮತ್ತು ಬಿಳುಪಿಗೆ ಸಲ್ಲುತ್ತವೆ. ಮೂರಿದ್ದರೆ ಮೂರನೆಯದು ಕೆಂಪಿಗೆ ಸಲ್ಲುತ್ತದೆ. ಹಸಿರು, ಹಳದಿ, ನೀಲಿಗಳು ಬರುವುದು ಆಮೇಲೆ. ಈ ತೀರ್ಮಾನವನ್ನು ಕುರಿತು ಅನಂತರ ಬಹಳ ಚರ್ಚೆ ನಡೆದಿದೆ, ಅವರೇ ಅದನ್ನು ಪರಿಷ್ಕರಿಸಿಯೂ ಇದ್ದಾರೆ. ಆದರೂ ಕನ್ನಡದ ಮಟ್ಟಿಗೆ ಅದು ಚೆನ್ನಾಗಿ ಹೊಂದುತ್ತದೆ. ಕರ್, ಬೆಳ್, ಕೆಂ ಎಂಬ ಮೂರು ಧಾತುಗಳು ನಮ್ಮ ಸಮಾಸಪದಗಳಲ್ಲಿ ಎಷ್ಟು ಆಳವಾಗಿ ಬೇರೂರಿವೆಯೆಂದರೆ ಅವುಗಳನ್ನು ತೆಗೆದರೆ ಹಳಗನ್ನಡದ ವರ್ಣನೆಗಳೇ ಸೊರಗುತ್ತವೆ. ಕಾರ್ಮುಗಿಲು, ಕಾರಿರುಳು, ಬೆಳ್ದಿಂಗಳು, ಬೆಳ್ಗೊಡೆ, ಕೆಂದಾವರೆ, ಕೆಂದಳಿರು ಇವುಗಳನ್ನು ನೆನೆದರೆ ಸಾಕು. ಹಸಿರಿಗೂ ದೇಸಿ ಮೂಲವಿದೆ. ಆದರೆ ನೀಲಿ ಸಂಸ್ಕೃತದಿಂದ ಬಂದದ್ದು. ಗುಲಾಬಿ ಪಾರಸಿಯಿಂದ ಬಂದದ್ದು. ಹಳದಿ ಮರಾಠಿಯ ಕಡೆಯಿಂದ ಬಂದದ್ದು. ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಭಾಲ್ಕಿ ಮತ್ತು ಔರಾದಿನ ಸಂತೆಗಳಲ್ಲಿ ಸೀರೆಯ ಬಣ್ಣವನ್ನು ಹೇಳುವ ಒಂದೇ ವಾಕ್ಯದಲ್ಲಿ ಈ ಪದರಗಳೆಲ್ಲ ಒಟ್ಟಿಗೆ ಕೇಳಿಸುತ್ತವೆ.

ಈ ಮೂರು ಧಾತುಗಳು ನಾಡಿನ ಹೆಸರುಗಳಲ್ಲಿಯೂ ನೆಲೆಸಿವೆ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದಾಗಿ ಹೆಸರಿಸುವ ಕಿಸುವೊಳಲ್, ಅಂದರೆ ಇಂದಿನ ಪಟ್ಟದಕಲ್ಲು, ಕೆಂಪು ಪಟ್ಟಣ. ಶ್ರವಣಬೆಳಗೊಳದ ಬೆಳ್ಗೊಳ ಬಿಳಿಯ ಕೊಳ. ಕರ್ನಾಟಕವೆಂಬ ಹೆಸರನ್ನು ಕರಿಯ ಮಣ್ಣಿನ ನಾಡು ಎಂದು ಬಿಡಿಸುವ ವಿದ್ವಾಂಸರೂ ಇದ್ದಾರೆ. ಎತ್ತರದ ನಾಡು ಎಂಬ ಇನ್ನೊಂದು ನಿಷ್ಪತ್ತಿಯೂ ಉಂಟು. ಇನ್ನೂ ಕುತೂಹಲದ ವಿಷಯವೆಂದರೆ ಲೋಹಗಳ ಹೆಸರು. ಕಬ್ಬಿಣವೆಂಬುದು ಕರ್ ಮತ್ತು ಪೊನ್ ಸೇರಿದ ಮಾತು, ಕರಿಯ ಲೋಹ. ಬೆಳ್ಳಿ ಬೆಳ್ ಧಾತುವಿನಿಂದ ಹುಟ್ಟಿದ್ದು, ಬಿಳಿಯ ಲೋಹ. ಇಂದು ನೀರಿನ ಪಾತ್ರೆಗೆ ನಾವು ಬಳಸುವ ಚೆಂಬು ಎಂಬ ಮಾತು ಮೂಲತಃ ತಾಮ್ರದ ಹೆಸರು, ಕೆಂಪು ಲೋಹ. ದ್ರಾವಿಡ ಭಾಷೆಗಳನ್ನಾಡಿದ ಜನ ಲೋಹವನ್ನು ಗುರುತಿಸಿದ್ದೇ ಬಣ್ಣದಿಂದ, ಅದೂ ಈ ಮೂರು ಬಣ್ಣಗಳಿಂದ.

ಭಾರತೀಯ ಚಿಂತನೆಯಲ್ಲಿಯೂ ಈ ತ್ರಿವರ್ಣಕ್ಕೆ ದೀರ್ಘವಾದ ಪರಂಪರೆಯಿದೆ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯವು ಅಗ್ನಿ, ಸೂರ್ಯ, ಚಂದ್ರ, ಮಿಂಚು ಇವೆಲ್ಲವನ್ನೂ ಮೂರು ರೂಪಗಳಾಗಿ ಬಿಡಿಸುತ್ತದೆ: ಕೆಂಪು ತೇಜಸ್ಸಿನದು, ಬಿಳುಪು ನೀರಿನದು, ಕಪ್ಪು ಅನ್ನದ, ಅಂದರೆ ಭೂಮಿಯದು. ಆಫ್ರಿಕಾದ ಎನ್‌ಡೆಂಬು ಜನರ ಆಚರಣೆಗಳನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಅಲ್ಲಿಯೂ ಇದೇ ಮೂರು ಬಣ್ಣಗಳು ಅರ್ಥವ್ಯವಸ್ಥೆಯ ಅಡಿಗಲ್ಲಾಗಿರುವುದನ್ನು ತೋರಿಸಿದರು. ಜೈನ ದರ್ಶನದ ಲೇಶ್ಯೆಗಳು ಆರು: ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ. ಕಪ್ಪಿನಿಂದ ಬಿಳುಪಿನವರೆಗೆ ಏರುವ ಈ ಸೋಪಾನವನ್ನು ವಿವರಿಸುವಾಗ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರವು ದ್ರವ್ಯಲೇಶ್ಯೆ ಮತ್ತು ಭಾವಲೇಶ್ಯೆ ಎಂಬ ಭೇದವನ್ನು ಕಲ್ಪಿಸುತ್ತದೆ. ಮೊದಲನೆಯದು ಶರೀರದ ವರ್ಣ. ಎರಡನೆಯದು ಕಷಾಯಗಳ ಸೋಂಕಿನಿಂದ ಜೀವದ ಪ್ರವೃತ್ತಿಗೆ ಹತ್ತಿದ ರಂಗು. ಮೇಲೆ ಕಾಣುವ ಬಣ್ಣ ಬೇರೆ, ಒಳಗಿನ ಪರಿಣಾಮದಿಂದ ಹುಟ್ಟುವ ಬಣ್ಣ ಬೇರೆ ಎಂಬ ಈ ವಿವೇಚನೆ ಮುಂದೆ ಬೀದರಿನ ಕಪ್ಪನ್ನು ಕುರಿತು ಮಾತನಾಡುವಾಗ ನಮಗೆ ನೆರವಾಗುತ್ತದೆ.

ಬಿದರಿ ಕಲೆಯ ಹುಟ್ಟನ್ನು ಪರಂಪರೆಯು ಬಹಮನಿ ಸುಲ್ತಾನರ ಕಾಲಕ್ಕೂ ಪರ್ಷಿಯಾದಿಂದ ಬಂದ ಕುಶಲಕರ್ಮಿಗಳಿಗೂ ಜೋಡಿಸುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಹಳೆಯ ಬಿದರಿ ವಸ್ತುಗಳಾದರೋ ಬಹುಮಟ್ಟಿಗೆ 17ನೆಯ ಶತಮಾನದಿಂದೀಚಿನವು. ಕಲೆಯ ವಿಧಾನ ಇಂದಿಗೂ ಹೆಚ್ಚು ಬದಲಾಗಿಲ್ಲ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರವನ್ನು ಬೆರೆಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಎರಕದ ವಸ್ತು ಆಗ ಬೂದುಬಿಳಿ. ಅದನ್ನು ನಯಗೊಳಿಸಿ, ಮೈಲುತುತ್ತದ ನೀರನ್ನು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಕೆತ್ತುವ ಗೆರೆ ಎದ್ದು ಕಾಣಲೆಂದು. ಉಳಿಯಿಂದ ಚಿತ್ತಾರವನ್ನು ಕೊರೆದು, ಆ ಕೊರೆತಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಮೊದಲಿನ ಕಪ್ಪು ಹೋಗಿಬಿಡುತ್ತದೆ, ಬಿಳಿ ಲೋಹದಲ್ಲಿ ಬಿಳಿ ಬೆಳ್ಳಿ ಸೇರಿ ಚಿತ್ತಾರವೇ ಮಾಯವಾದಂತೆ ಕಾಣುತ್ತದೆ. ಆಗ ಬರುವುದು ಕೊನೆಯ ಹಂತ. ಬೀದರ ಕೋಟೆಯ ಹಳೆಯ ಕಟ್ಟಡಗಳ ಬಿಸಿಲು ಮಳೆ ಸೋಕದ ಭಾಗದಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ವಸ್ತುವಿಗೆ ಲೇಪಿಸುತ್ತಾರೆ. ಕ್ಷಣಮಾತ್ರದಲ್ಲಿ ಮಿಶ್ರಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎಣ್ಣೆ ತಿಕ್ಕಿದೊಡನೆ ಕಪ್ಪು ಇನ್ನಷ್ಟು ಗಾಢವಾಗುತ್ತದೆ.

ಈ ಕಪ್ಪು ಬಳಿದ ಕಪ್ಪಲ್ಲ ಎಂಬುದನ್ನು ಗಮನಿಸಬೇಕು. ಶುದ್ಧ ಸತುವು ಈ ಲೇಪಕ್ಕೆ ಹೀಗೆ ಕರ್ರಗಾಗುವುದಿಲ್ಲ. ಮಿಶ್ರಣದಲ್ಲಿರುವ ಅಲ್ಪ ಪ್ರಮಾಣದ ತಾಮ್ರ, ಮಣ್ಣಿನಲ್ಲಿರುವ ಪೆಟ್ಲುಪ್ಪಿನಂಥ ಲವಣಗಳು ಮತ್ತು ನವಸಾಗರ ಇವುಗಳ ಕೂಟದಿಂದ ಅದು ಹುಟ್ಟುತ್ತದೆ. ಕೆಂಪು ಲೋಹವು ಬಿಳಿ ಲೋಹದಲ್ಲಿ ಅಡಗಿ ಕುಳಿತು ಕರಿಯ ನೆಲವನ್ನು ಹೊಮ್ಮಿಸುತ್ತದೆ. ಗೊಮ್ಮಟಸಾರದ ಪರಿಭಾಷೆಯನ್ನು ತುಸು ಸ್ವಾತಂತ್ರ್ಯದಿಂದ ಬಳಸುವುದಾದರೆ, ಇದು ಒಳಗಿನ ಪರಿಣಾಮದಿಂದ ಹುಟ್ಟಿದ ಬಣ್ಣ. ಕರ್, ಬೆಳ್, ಕೆಂ ಮೂರೂ ಬಿದರಿಯಲ್ಲಿವೆ. ಮೂರನೆಯದು ಕಣ್ಣಿಗೆ ಕಾಣದೆ ಕೆಲಸ ಮಾಡುತ್ತದೆ.

ಕಣ್ಣಿಗೆ ಕಾಣುವ ಮೂರನೆಯ ಬಣ್ಣವೂ ಒಂದು ಕಾಲದಲ್ಲಿ ಇತ್ತು. 17ನೆಯ ಶತಮಾನದ ಹುಕ್ಕಾಪಾತ್ರೆಗಳಲ್ಲಿ ಹಲವು ಬೆಳ್ಳಿಯೊಂದಿಗೆ ಹಿತ್ತಾಳೆಯನ್ನೂ ಕೂರಿಸಿಕೊಂಡಿವೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಇಂತಹ ವಸ್ತುಗಳನ್ನು ಕಾಣಬಹುದು. ಕಪ್ಪು ನೆಲ, ಬೆಳ್ಳಿಯ ರೂಪ, ಹಿತ್ತಾಳೆಯ ಹೊಂಬಣ್ಣದ ಮಿನುಗು. ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣವೇ. ಬಿದರಿಯ ನೆಲವೂ ಅದೇ ಎರಡು ಲೋಹಗಳಿಂದಾದದ್ದು. ತಾಮ್ರ ಹೆಚ್ಚಾಗಿ ಸತುವು ಕಡಿಮೆಯಾದರೆ ಹೊಂಬಣ್ಣ. ಸತುವು ಹೆಚ್ಚಾಗಿ ತಾಮ್ರ ಕಡಿಮೆಯಾದರೆ ಕೋಟೆಯ ಮಣ್ಣು ಸೋಕಿದೊಡನೆ ಕಪ್ಪು. ನೆಲ ಮತ್ತು ಮಿನುಗು ಒಂದೇ ಬಸಿರಿನ ಮಕ್ಕಳಾದ್ದರಿಂದಲೇ ಆ ಹಳೆಯ ಪಾತ್ರೆಗಳಲ್ಲಿ ಮೂರು ಬಣ್ಣಗಳು ಪರಸ್ಪರ ಹೊರಗಿನವಾಗಿ ತೋರುವುದಿಲ್ಲ.

ಪಾತ್ರಗಳ ಈ ಹಂಚಿಕೆಯನ್ನು ಬಿದರಿಯ ಕುಶಲಿಗಳು ಎಷ್ಟು ಎಚ್ಚರದಿಂದ ಬಲ್ಲವರಾಗಿದ್ದರೆಂಬುದಕ್ಕೆ ಅವರ ವಿಧಾನಗಳ ಹೆಸರುಗಳೇ ಸಾಕ್ಷಿ. ತಂತಿಯನ್ನು ಕೂರಿಸುವುದು ತಾರಕಶಿ; ತಗಡನ್ನು ಕತ್ತರಿಸಿ ಕೂರಿಸುವುದು ತಹನಿಶಾನ್. ಅಫ್ತಾಬಿಯೆಂಬ ವಿಧಾನದಲ್ಲಿ ಬೆಳ್ಳಿಯ ಹಾಳೆಯಲ್ಲಿಯೇ ಚಿತ್ತಾರವನ್ನು ಕತ್ತರಿಸಿ ತೆಗೆದು ಆ ಹಾಳೆಯನ್ನು ಹೊದಿಸುತ್ತಾರೆ. ಆಗ ಬೆಳ್ಳಿ ನೆಲವಾಗುತ್ತದೆ, ಕಪ್ಪು ರೂಪವಾಗುತ್ತದೆ. ಬಣ್ಣಗಳು ಅವೇ, ಪಾತ್ರಗಳು ಅದಲುಬದಲು. ವಿನ್ಯಾಸವೆಂಬುದು ಬಣ್ಣಗಳ ಆಯ್ಕೆಗಿಂತ ಹೆಚ್ಚಾಗಿ ಪಾತ್ರಗಳ ಹಂಚಿಕೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ದೊರೆಯುವುದು ಕಷ್ಟ. ಇಂದಿನ ಬಿದರಿಯಲ್ಲಿ ಹಿತ್ತಾಳೆಯಾಗಲಿ ಚಿನ್ನವಾಗಲಿ ಅಪರೂಪ. ಕಪ್ಪು ಮತ್ತು ಬೆಳ್ಳಿಯ ಜೋಡಿ ಅದರ ಗುರುತಾಗಿ ನಿಂತಿದೆ. ಅದರ ಸೊಬಗನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ಬಿದರಿಯ ಆದಿಮ ರೂಪವೆಂದು ತಿಳಿದರೆ ಇತಿಹಾಸದ ಒಂದು ಅಧ್ಯಾಯ ಬಿಟ್ಟುಹೋಗುತ್ತದೆ.

ಪಾತ್ರೆಗಳಿಂದ ಕಟ್ಟಡಗಳಿಗೆ ಬಂದರೆ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ಕಾಣುತ್ತದೆ. ಬೀದರ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ. ಕೋಟೆಯ ಕಂದಕವನ್ನು ಆ ಕೆಂಪು ಕಲ್ಲಿನಲ್ಲಿಯೇ ಕಡಿದಿದ್ದಾರೆ. ಒಂದು ಭಾಗದಲ್ಲಿ ನಡುವೆ ಬಂಡೆಯ ಗೋಡೆಗಳನ್ನು ಬಿಟ್ಟು ಮೂರು ಸಾಲುಗಳಾಗಿ ಕಡಿದಿರುವುದು ಪ್ರಸಿದ್ಧ. ಪ್ರವಾಸಿಗೆ ಮೊದಲು ಕಾಣುವ ಬೀದರು ಈ ಕಲ್ಲಿನ ಬೀದರು. ಆದರೆ ಬಹಮನಿ ಮತ್ತು ಬರೀದಶಾಹಿ ಕಾಲದ ಬೀದರನ್ನು ಕಂಡವರ ಕಣ್ಣಿಗೆ ಬಿದ್ದದ್ದು ಹೊಳೆಯುವ ಹೆಂಚಿನ ಹೊದಿಕೆ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಮುಂಭಾಗವನ್ನು ನೀಲಿ, ಬಿಳಿ, ಹಳದಿ, ಹಸಿರು ಹೆಂಚುಗಳು ಹೊದ್ದಿದ್ದವು. ಉಳಿದಿರುವ ಮಿನಾರಿನ ಮೈಮೇಲೆ ಅಂಕುಡೊಂಕಾದ ಪಟ್ಟಿಗಳು ಇನ್ನೂ ಅಲ್ಲಲ್ಲಿ ಕಾಣುತ್ತವೆ. ಮೇಲ್ಭಾಗದ ಬರಹದ ಸಾಲಿನಲ್ಲಿ ಗಾಢವಾದ ನೀಲಿ ನೆಲದ ಮೇಲೆ ಬಿಳಿಯ ಅಕ್ಷರಗಳು. ಒಟ್ಟು ಬಣ್ಣಗಳು ಮೂರಕ್ಕಿಂತ ಹೆಚ್ಚಿದ್ದರೂ ನೆಲ, ರೂಪ, ಮಿನುಗು ಎಂಬ ವ್ಯಾಕರಣ ಅಲ್ಲಿಯೂ ಇದೆ. 1696ರಲ್ಲಿ ನಡೆದ ಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗವೂ ಮುಂಭಾಗದ ಒಂದು ಮಿನಾರೂ ನೆಲಸಮವಾದವು. ಉಳಿದ ಹೆಂಚುಗಳನ್ನು ಮಳೆ ಮತ್ತು ಕಾಲ ಮೆಲ್ಲಮೆಲ್ಲನೆ ಉದುರಿಸಿದವು. ನಾವಿಂದು ಮೆಚ್ಚಿ ಛಾಯಾಚಿತ್ರ ತೆಗೆಯುವ ಕಲ್ಲುಗಾರೆಯ ಬಣ್ಣ ಆ ಕಟ್ಟಡವನ್ನು ಕಟ್ಟಿದವರು ತೋರಿಸಬೇಕೆಂದುಕೊಂಡ ಬಣ್ಣವಾಗಿರಲಿಲ್ಲ.

ಕೋಟೆಯೊಳಗಿನ ರಂಗೀನ್ ಮಹಲಿನ ಹೆಸರಿನಲ್ಲಿಯೇ ಬಣ್ಣವಿದೆ. ಅಲಿ ಬರೀದನ ಕಾಲದಲ್ಲಿ, ಅಂದರೆ 16ನೆಯ ಶತಮಾನದಲ್ಲಿ, ಅದು ಇಂದಿನ ರೂಪವನ್ನು ಪಡೆಯಿತು. ಅಲ್ಲಿ ಕಡುಗಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿ ಬಳ್ಳಿಗಳನ್ನೂ ಪಾರಸಿ ಪದ್ಯಗಳನ್ನೂ ಬಿಡಿಸಿದ್ದಾರೆ. ಕರಿಯ ನೆಲವನ್ನು ಕೊರೆದು ಬಿಳಿಯ ರೂಪವನ್ನು ಕೂರಿಸುವ ಈ ಕೆಲಸಕ್ಕೂ ಬಿದರಿಗೂ ಇರುವ ನಂಟು ನೋಡಿದೊಡನೆ ಹೊಳೆಯುತ್ತದೆ. ಒಂದರಲ್ಲಿ ಕಲ್ಲು ಮತ್ತು ಚಿಪ್ಪು, ಇನ್ನೊಂದರಲ್ಲಿ ಲೋಹ ಮತ್ತು ಬೆಳ್ಳಿ. ರಂಗೀನ್ ಮಹಲಿನಲ್ಲಿ ಚಿಪ್ಪಿನ ಕೆಲಸದ ಜೊತೆಗೆ ಹೆಂಚಿನ ಬಣ್ಣಗಳೂ ಉಳಿದಿರುವುದರಿಂದ ಕಪ್ಪು ಬಿಳುಪು ಒಂಟಿಯಾಗಿಲ್ಲ. ನಗರದ ಪೂರ್ವಕ್ಕಿರುವ ಅಷ್ಟೂರಿನಲ್ಲಿ, 1436ರಲ್ಲಿ ತೀರಿಕೊಂಡ ಅಹಮದ್ ಶಾ ವಲಿಯ ಗೋರಿಯ ಒಳಮೈ ಮತ್ತೊಂದು ನಿದರ್ಶನ. ನೀಲಿ ಮತ್ತು ಸಿಂಧೂರದ ನೆಲದ ಮೇಲೆ ಹೊಂಬಣ್ಣದ ಅಕ್ಷರಗಳು ಅಲ್ಲಿ ಗುಮ್ಮಟದವರೆಗೆ ಏರುತ್ತವೆ. ಆ ಸುಲ್ತಾನನನ್ನು ಅಲ್ಲಮಪ್ರಭುವೆಂದು ನಂಬಿ ಹಿಂದೂಗಳೂ ವಲಿಯೆಂದು ಮುಸಲ್ಮಾನರೂ ಉರುಸಿಗೆ ಸೇರುವ ಆ ಜಾಗದಲ್ಲಿ ಬೀದರಿನ ಹಳೆಯ ವರ್ಣವೈಭವ ಮಳೆಗಾಳಿಗೆ ಸಿಕ್ಕದೆ ಉಳಿದುಕೊಂಡಿದೆ. ಹೊರಗೋಡೆಗಳು ಕಳೆದುಕೊಂಡದ್ದೇನೆಂಬುದನ್ನು ಈ ಒಳಗೋಡೆಗಳಿಂದ ಊಹಿಸಬಹುದು.

ಪ್ರಸ್ಥಭೂಮಿಯಿಂದ ಉತ್ತರಕ್ಕೆ ಇಳಿದು ಭಾಲ್ಕಿ ಮತ್ತು ಔರಾದಿನ ಕಡೆಗೆ ಹೋದರೆ ನೆಲದ ಬಣ್ಣ ಬದಲಾಗುತ್ತದೆ. ಮಾಂಜ್ರಾ ನದಿಯ ಬಯಲು ಹೆಚ್ಚಾಗಿ ಎರೆಭೂಮಿ. ನೇಸರಗೆಯ ಬಣ್ಣಗಳ ವ್ಯಾಕರಣ ಇಲ್ಲಿ ಹೊಲದಲ್ಲಿ ಬರೆದಂತಿತ್ತು. ಹಿಂಗಾರಿನಲ್ಲಿ ಆ ಕಪ್ಪು ನೆಲದಲ್ಲಿ ಬಿಳಿಜೋಳ ಬಿತ್ತುತ್ತಿದ್ದರು. ಹೊಲದ ಅಂಚಿಗೆ, ಕೆಲವೊಮ್ಮೆ ಜೋಳದ ಸಾಲುಗಳ ನಡುವೆ, ಕುಸುಬೆಯ ಸಾಲು. ಕುಸುಬೆಯ ಎಲೆ ಮುಳ್ಳು, ದನ ಒಳನುಗ್ಗದಂತೆ ಬೇಲಿಯ ಕೆಲಸವನ್ನೂ ಅದು ಮಾಡುತ್ತಿತ್ತು. ಬೀಜದಿಂದ ಮನೆಗೆ ಎಣ್ಣೆ ದೊರೆಯುತ್ತಿತ್ತು. ಹೂವಿನ ಬಣ್ಣ ಹಳದಿಯಿಂದ ಕಿತ್ತಳೆಗೆ, ಬಾಡುತ್ತ ಕೆಂಪಿಗೆ ತಿರುಗುತ್ತದೆ. ಕೃತಕ ಬಣ್ಣಗಳು ಬರುವ ಮುನ್ನ ಬಟ್ಟೆಗೆ ಕುಸುಂಬೆಯ ಕೆಂಪು ಹಾಕುತ್ತಿದ್ದದ್ದು ಇದೇ ಹೂವಿನಿಂದ. ಕಪ್ಪು ನೆಲ, ಬಿಳಿಯ ತೆನೆ, ಅಂಚಿನಲ್ಲಿ ಹೊಂಗೆಂಪಿನ ಮಿನುಗು. ಬಿದರಿಯ ಕುಶಲಿ ಈ ಹೊಲವನ್ನು ನೋಡಿ ತನ್ನ ಕಲೆಯನ್ನು ಕಲಿತನೆಂದು ಹೇಳಲು ಆಧಾರವಿಲ್ಲ, ಹೇಳಬೇಕಾಗಿಯೂ ಇಲ್ಲ. ಆ ಕಲೆಯನ್ನು ನೋಡಿದ ಕಣ್ಣಿಗೂ ಈ ಹೊಲವನ್ನು ನೋಡಿದ ಕಣ್ಣಿಗೂ ಒಂದೇ ಅಭ್ಯಾಸವಿತ್ತೆಂಬುದು ಸಾಕು. ಇಂದು ಸೋಯಾ ಅವರೆ ಈ ಸೀಮೆಯ ಮುಖ್ಯ ಬೆಳೆಗಳಲ್ಲಿ ಒಂದಾಗಿದೆ, ಕುಸುಬೆ ಕುಗ್ಗಿದೆ. ರೈತನ ಲೆಕ್ಕಾಚಾರವನ್ನು ಬಣ್ಣದ ಹೆಸರಿನಲ್ಲಿ ಟೀಕಿಸುವುದು ಅನ್ಯಾಯ. ಆದರೂ ಮೂರನೆಯ ಬಣ್ಣ ಹೊಲದಿಂದಲೂ ಹಿಂದೆ ಸರಿದಿದೆಯೆಂಬುದು ನಿಜ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಮೂರು ಬಣ್ಣಗಳ ಸಂಯಮವನ್ನೇ ಸೌಂದರ್ಯದ ನಿಯಮವನ್ನಾಗಿ ಮಾಡಿದರೆ ಔರಾದ್ ಮತ್ತು ಭಾಲ್ಕಿಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಉಡುಪನ್ನು ಏನೆಂದು ವಿವರಿಸುವುದು? ಅಲ್ಲಿ ಕಸೂತಿಯ ದಾರಗಳ ಬಣ್ಣಗಳನ್ನು ಎಣಿಸಲಾಗದು. ಆದರೆ ಹತ್ತಿರದಿಂದ ನೋಡಿದರೆ ಅಲ್ಲಿಯೂ ಗಾಢವಾದ ಒಂದು ನೆಲ, ಸಾಮಾನ್ಯವಾಗಿ ಕೆಂಪು, ಇರುತ್ತದೆ. ಕವಡೆಯ ಬಿಳುಪು ಅಂಚನ್ನು ಹಿಡಿಯುತ್ತದೆ. ಕನ್ನಡಿಯ ಚೂರುಗಳು ಮಿನುಗುತ್ತವೆ. ಎಣಿಕೆ ಮೂರನ್ನು ಮೀರಿದರೂ ಪಾತ್ರಗಳು ಮೂರನ್ನು ಮೀರುವುದಿಲ್ಲ. ಆದ್ದರಿಂದ ಮೂರು ಎಂಬ ಸಂಖ್ಯೆಯಲ್ಲಿ ಮಾಂತ್ರಿಕತೆಯೇನೂ ಇಲ್ಲ. ನೆಲ, ರೂಪ, ಮಿನುಗು ಇವುಗಳ ಸಂಬಂಧ ಕೆಡದಿದ್ದರೆ ಬಣ್ಣಗಳು ಎಷ್ಟಿದ್ದರೂ ಕಣ್ಣು ದಣಿಯದು. ಆ ಸಂಬಂಧ ಕೆಟ್ಟರೆ ಮೂರೇ ಬಣ್ಣಗಳಿದ್ದರೂ ರಚನೆ ನಿಲ್ಲದು.

ಈ ಚರ್ಚೆಗೆ ಇಂದಿನ ಪ್ರಸ್ತುತತೆ ಏನು? ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2011ರ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಬಿದರಿಯನ್ನೇ ವಿಷಯವಾಗಿಸಿಕೊಂಡಿತ್ತು. 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಕಾದ್ರಿಯವರಿಗೆ ಪದ್ಮಶ್ರೀ ಸಂದಿತು. ಗೌರವ ಹೆಚ್ಚಿದಂತೆ ಅನುಕರಣೆಯೂ ಹೆಚ್ಚುತ್ತದೆ. ಕಪ್ಪು ಮತ್ತು ಬೆಳ್ಳಿಯ ಬಣ್ಣಗಳನ್ನು ಗಣಕಯಂತ್ರದ ಪರದೆಯಲ್ಲಿ ಅಳೆದು, ಬಟ್ಟೆಯ ಮೇಲೋ ಕಾಗದದ ಪೆಟ್ಟಿಗೆಯ ಮೇಲೋ ಮುದ್ರಿಸಿ, ಬಿದರಿ ಶೈಲಿ ಎಂದು ಕರೆಯುವುದು ಸುಲಭ. ಅಗ್ಗದ ಲೋಹಕ್ಕೆ ಕಪ್ಪು ಬಳಿದು ಬಿದರಿಯೆಂದು ಮಾರುವುದೂ ಸುಲಭವೇ. ಅಂತಹ ಬಳಕೆಗಳಲ್ಲಿ ಬಣ್ಣ ಉಳಿಯುತ್ತದೆ, ಬಣ್ಣವನ್ನು ಹುಟ್ಟಿಸಿದ ತಾಮ್ರವೂ ಕೋಟೆಯ ಮಣ್ಣೂ ಕೈಯ ಶ್ರಮವೂ ಕಳಚಿಹೋಗುತ್ತವೆ. ಬೆಳ್ಳಿಯ ಬೆಲೆ ಏರಿದಂತೆಲ್ಲ ಕುಶಲಕರ್ಮಿಯ ಬಂಡವಾಳ ಕರಗುತ್ತದೆ. ಕೋಟೆಯ ಹಳೆಯ ಗೋಡೆಗಳ ಮಣ್ಣು ಅಕ್ಷಯವಾದದ್ದಲ್ಲ. ಕಪ್ಪನ್ನು ಬಣ್ಣದ ಡಬ್ಬಿಯಿಂದ ತೆಗೆಯಬಹುದೆಂದು ಕೊಳ್ಳುವವರು ನಂಬಿದರೆ ಆ ಮಣ್ಣನ್ನು ಕಾಪಾಡುವ ಅಗತ್ಯ ಯಾರಿಗೂ ತೋರದು, ಆ ಮಣ್ಣಿನ ಗುಣವನ್ನು ನಾಲಗೆಯಲ್ಲಿಟ್ಟು ಪರೀಕ್ಷಿಸಬಲ್ಲ ಅನುಭವಿಗೆ ಬೆಲೆಯೂ ಉಳಿಯದು.

ಸಾಹಿತ್ಯ ಮತ್ತು ಇತಿಹಾಸದ ಸಂಶೋಧಕರಿಗೆ ಇಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ಹಳಗನ್ನಡ ಕಾವ್ಯಗಳ ವರ್ಣನೆಗಳಲ್ಲಿ ನೆಲ, ರೂಪ, ಮಿನುಗುಗಳ ಹಂಚಿಕೆ ಹೇಗಿದೆಯೆಂದು ಪರಿಶೀಲಿಸಬಹುದು. ಬೀದರಿನ ಕುಶಲಕರ್ಮಿಗಳ ಬಾಯಲ್ಲಿ ಉಳಿದಿರುವ ಪಾರಸಿ, ಉರ್ದು, ಕನ್ನಡ ಪಾರಿಭಾಷಿಕ ಪದಗಳನ್ನು ಕಲೆಹಾಕಬಹುದು. ಭಾಲ್ಕಿ ಮತ್ತು ಔರಾದಿನ ಹಿರಿಯ ಒಕ್ಕಲಿಗರಿಂದ ಮಣ್ಣು, ಬೆಳೆ ಮತ್ತು ಬಟ್ಟೆಗಳ ಬಣ್ಣದ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳಬಹುದು. ಆ ಮಾತುಗಳು ಆಡುವವರೊಂದಿಗೇ ಕಣ್ಮರೆಯಾಗುವಂಥವು. ಇಂತಹ ಅಧ್ಯಯನ ಕೈಗೊಂಡವರು ಉಳಿದಿರುವ ಬಣ್ಣಗಳನ್ನು ಮಾತ್ರ ಪಟ್ಟಿಮಾಡಿ ತೃಪ್ತರಾಗಬಾರದು. ಒಂದು ಕಾಲದ ಅಭಿರುಚಿಯನ್ನು ಅಳೆಯುವಾಗ ಅದರಲ್ಲಿ ಮೊದಲು ಉದುರಿದ್ದು ಯಾವುದೆಂದು ಕೇಳಬೇಕು. ಬೀದರಿನ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ಹುಕ್ಕಾಪಾತ್ರೆಯ ಹಿತ್ತಾಳೆ, ಮದರಸಾದ ಹೆಂಚು, ಜೋಳದ ಹೊಲದ ಕುಸುಬೆ ಇವು ಪ್ರಮಾಣದಲ್ಲಿ ಅಲ್ಪವಾಗಿದ್ದುದರಿಂದಲೇ ಮೊದಲು ಮರೆಯಾದವು. ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಬೀದರಿನ ಕಪ್ಪೂ ಬಿಳುಪೂ ತಮ್ಮ ಸರಿಯಾದ ಅರ್ಥವನ್ನು ಪಡೆಯುತ್ತವೆ.